ರುಚಿ ನೋಡುವವಳ ತುಟಿ

ಅತ್ತಿಗೆ-ನಾದಿನಿ ಸೇರಿ ನಡೆಸುವ ಹಣ್ಣಿನ ರಸದ ಅಂಗಡಿ ಅದು. ಹೊಸ ಬುಟ್ಟಿ ಬಂದಾಗಲೆಲ್ಲ ಅತ್ತಿಗೆ ಒಂದು ಕಿತ್ತಳೆ ಸುಲಿದು, ತೊಳೆಯೊಂದನ್ನು ಬಾಯಿಗಿಟ್ಟು, ಸಕ್ಕರೆ ಎಷ್ಟು ಬೇಕೆಂದು ಹೇಳಬೇಕು. ಅವಳ ನಾಲಿಗೆ ಒಪ್ಪಿದ ಮೇಲೆಯೇ ನಾದಿನಿ ಯಂತ್ರ ತಿರುಗಿಸುವುದು. ಅಂಗಡಿಗೆ ಹೆಸರು ಬಂದದ್ದೇ ಆ ನಾಲಿಗೆಯಿಂದ.

ಎರಡು ತಿಂಗಳಿಂದ ತೊಳೆ ತಿಂದ ಹತ್ತು ನಿಮಿಷಕ್ಕೆ ಅವಳ ತುಟಿ ತುರಿಸಿ ಊದಿಕೊಳ್ಳುತ್ತಿತ್ತು. ಮೊದಲು ಉಷ್ಣ ಎಂದಳು. ಆಮೇಲೆ ಪಾತ್ರೆ ಸೋಪಿನ ಮೇಲೆ ತಪ್ಪು ಹಾಕಿದಳು. ಕೊನೆಗೆ ತುರಿಕೆಯ ಮಾತ್ರೆ ತಂದು, ಬುಟ್ಟಿ ಬರುವ ಮೊದಲೇ ನುಂಗಿ, ನಂತರ ರುಚಿ ನೋಡತೊಡಗಿದಳು. ಹಣ್ಣೇ ಆಗಿಬರದಿದ್ದರೆ ಅಂಗಡಿಯಲ್ಲಿ ತನಗೇನು ಕೆಲಸ ಎಂಬ ಅಳುಕನ್ನು ಯಾರಿಗೂ ಹೇಳಲಿಲ್ಲ.

ಒಂದು ಬೆಳಿಗ್ಗೆ ಮಾತ್ರೆ ನುಂಗಿದ್ದರೂ ಗಂಟಲು ಬಿಗಿಯಿತು, ಮಾತು ಹೊರಡಲಿಲ್ಲ. ನಾದಿನಿ ಅಂಗಡಿ ಹಾಗೇ ಬಿಟ್ಟು ಆಸ್ಪತ್ರೆಗೆ ಕರೆದೊಯ್ದಳು. ಚುಚ್ಚುಮದ್ದು ಬಿದ್ದ ಮೇಲೆ ಉಸಿರು ಸರಾಗವಾಯಿತು. ಅಲರ್ಜಿ ತಿಳಿಯುವ ರಕ್ತಪರೀಕ್ಷೆಗೆ ವೈದ್ಯರು ಬರೆದುಕೊಟ್ಟ ಚೀಟಿ ಮಾತ್ರ ನಾಲ್ಕು ದಿನ ಸಕ್ಕರೆ ಡಬ್ಬಿಯಡಿ ಬಿದ್ದಿತ್ತು.

ಅದನ್ನು ಕಂಡವಳು ದಿನಾ ರಸ ಕುಡಿಯಲು ಬರುವ ಲ್ಯಾಬಿನ ಅಕ್ಕ. ಮಾತ್ರೆ ನುಂಗುತ್ತಿರುವುದರಿಂದ ಪರೀಕ್ಷೆ ಮಾಡಿಸಿ ಉಪಯೋಗವಿಲ್ಲ ಎಂದು ಅತ್ತಿಗೆ ಜಾರಿಕೊಳ್ಳಲು ನೋಡಿದಳು.

"ಚರ್ಮಕ್ಕೆ ಚುಚ್ಚಿ ನೋಡೋ ಪರೀಕ್ಷೆಗೆ ಆ ಮಾತ್ರೆ ಅಡ್ಡ ಬರುತ್ತೆ. ರಕ್ತದ್ದಕ್ಕೆ ಬರಲ್ಲ," ಎಂದಳು ಲ್ಯಾಬಿನ ಅಕ್ಕ.

"ಮನೇಲೇ ಇನ್ನೊಂದ್ಸಲ ತಿಂದು ನೋಡಿದ್ರೆ ಗೊತ್ತಾಗಲ್ವಾ?"

"ಗೊತ್ತಾಗುತ್ತೆ. ಹೇಳೋಕೆ ನೀವಿರಬೇಕಲ್ಲ."

ಅತ್ತಿಗೆ ಬಟ್ಟೆಯಿಂದ ಕಟ್ಟೆ ಒರೆಸಿದಳು. "ಹಣ್ಣು ಮುಟ್ಟಬೇಡ ಅಂದ್ರೆ ನಾನೇನು ಬಾಗಿಲು ಕಾಯ್ಲಾ?"

"ಮೊದಲು ಉಸಿರಾಡಿ ಅತ್ತಿಗೆ," ಎಂದಳು ನಾದಿನಿ. "ಕೆಲಸ ಆಮೇಲೆ ಹುಡುಕೋಣ."

ಲ್ಯಾಬಿನಲ್ಲಿ ಅತ್ತಿಗೆಯ ತೋಳಿನಿಂದ ಒಂದಿಷ್ಟು ರಕ್ತ ತೆಗೆದರು, ಅಷ್ಟೇ. ವೈದ್ಯರು ವರದಿಯೊಂದನ್ನೇ ನಂಬಲಿಲ್ಲ. ತಿಂದದ್ದೇನು, ಎಷ್ಟು ಹೊತ್ತಿಗೆ ಏನಾಯಿತು ಎಂದು ಕೇಳಿ ಎರಡನ್ನೂ ತಾಳೆ ನೋಡಿದರು. ಅಲರ್ಜಿಯೆಂಬುದು ಖಚಿತವಾಗಿ ಕಿತ್ತಳೆ, ಮೋಸಂಬಿ ಎರಡನ್ನೂ ಬಿಡಬೇಕಾಯಿತು. ಅತ್ತಿಗೆ ಈಗ ಬೇರೆ ಮಣೆ, ಬೇರೆ ಚಾಕು ಇಟ್ಟುಕೊಂಡು ಕಲ್ಲಂಗಡಿ, ಪಪ್ಪಾಯಿ ಹೆಚ್ಚುತ್ತಾಳೆ. ಕಿತ್ತಳೆ ರುಚಿ ನೋಡುವುದು ನಾದಿನಿ. ಮೊದಮೊದಲು ಸಕ್ಕರೆ ಸುರಿದು ಪಾನಕವನ್ನೇ ಮಾಡಿಟ್ಟಳೆಂದು ಗಿರಾಕಿಗಳು ಗೊಣಗಿದರು. ಅತ್ತಿಗೆ ದೂರ ನಿಂತೇ ಅವಳಿಗೆ ಹದ ಕಲಿಸಿದಳು.

ಹಣ್ಣು ತಿಂದ ಮೇಲೆ ನಿಮಗೂ ತುಟಿ ತುರಿಸುತ್ತದೆಯೇ, ದದ್ದು ಏಳುತ್ತದೆಯೇ? ಉಷ್ಣವೆಂದು ತಳ್ಳಿಹಾಕಬೇಡಿ, ಮತ್ತೆ ತಿಂದು ಪರೀಕ್ಷಿಸಬೇಡಿ. ತಿಂದದ್ದೇನು, ಯಾವಾಗ ಶುರುವಾಯಿತು ಎಂದು ಬರೆದಿಟ್ಟು ವೈದ್ಯರಿಗೆ ತೋರಿಸಿ. ಅವರು ಹೇಳಿದರೆ ರಕ್ತಪರೀಕ್ಷೆ ಮಾಡಿಸಿ. ಉಸಿರು ಕಟ್ಟಿದರೆ ಬರೆಯುತ್ತಾ ಕೂರಬೇಡಿ. ಎದ್ದು ಆಸ್ಪತ್ರೆಗೆ ಹೊರಡಿ.