ಬೆಲ್ಲ ಸೀದ ವಾಸನೆ

ಹತ್ತು ವರ್ಷ ಬಚ್ಚಿಟ್ಟ ಅಡುಗೆಯ ಗುಟ್ಟನ್ನು ಗಂಡನಾದವನು ಕಟ್ಟಿಕೊಂಡ ಹೆಂಡತಿಯನ್ನು ಬಿಟ್ಟು ತಮ್ಮನ ಹೆಂಡತಿಗೆ ಹೇಳಿಕೊಟ್ಟರೆ ಯಾರ ಹೊಟ್ಟೆ ತಾನೆ ಉರಿಯುವುದಿಲ್ಲ? ಅಂಜನಾಬಾಯಿಯ ಹೊಟ್ಟೆಯಂತೂ ಧಗಧಗ ಉರಿಯುತ್ತಿತ್ತು.

ಅವಳ ಗಂಡ ಮಾಣಿಕ ಬೀದರಿನ ಮಿಷನ್ ಬಂಗ್ಲೆಯಲ್ಲಿ ಅಡುಗೆ ಮಾಡುವ ಬಾವರ್ಚಿ. ಕ್ರಿಸ್‌ಮಸ್ಸಿಗೆ ಅಲ್ಲಿದ್ದ ಬಿಳಿಯ ದೊರೆಸಾನಿ ಮಿಸ್ಸಮ್ಮನಿಗಾಗಿ ಅವನು ಬೇಯಿಸುತ್ತಿದ್ದ ಹಂದಿಯ ತೊಡೆ ಓಣಿಗೆಲ್ಲ ಹೆಸರುವಾಸಿ. ಉಪ್ಪುನೀರಿನಲ್ಲಿ ವಾರಗಟ್ಟಲೆ ಕೂತ ಇಡೀ ತೊಡೆ, ಅದರ ಮೇಲೆ ಹೊಳೆಯುವ ಬೆಲ್ಲದ ಪಾಕ, ಸಾಲಾಗಿ ಚುಚ್ಚಿದ ಲವಂಗ. ಹೇಳಿಕೊಡಿ ಎಂದು ಅಂಜನಾಬಾಯಿ ಕೇಳಿದಾಗಲೆಲ್ಲ ಒಂದೇ ಉತ್ತರ: "ಅದು ಬಂಗ್ಲಾದ ಅಡಗಿ. ನಿನಗ ತಿಳಿಯಲ್ಲ."

ನಿಜಾಮನ ಮೇಲೆ ಪೊಲೀಸ್ ಆಕ್ಷನ್ ಆದ ವರ್ಷ ಮಿಸ್ಸಮ್ಮ ತನ್ನ ದೇಶಕ್ಕೆ ಹೊರಟುಹೋದಳು. ಬಂಗ್ಲೆಗೆ ಬೀಗ ಬಿತ್ತು. ಈ ಸಲ ತೊಡೆ ನಮ್ಮ ಮನೆಯಲ್ಲೇ ಬೇಯಲಿ ಎಂದು ಮಾಣಿಕ ಉಪ್ಪಿಗೆ ಹಾಕಿದ. ಆದರೆ ಊರವರ ಅಡುಗೆ ಎಷ್ಟು ಮಾಡಿದರೂ ಮನೆಯ ಒಲೆಯ ಮುಂದೆ ಗಂಡಸು ಕೂರಬಾರದೆಂದು ಅವನ ತಾಯಿ ಭಾಗೀರಥಿಬಾಯಿಯ ಹಟ. ಆಗ ಅವನು ಮಿಸ್ಸಮ್ಮ ಕನ್ನಡದಲ್ಲಿ ಬರೆದುಕೊಟ್ಟಿದ್ದ ಚೀಟಿಯನ್ನು ತಮ್ಮನ ಹೆಂಡತಿ ಹೀರಾಬಾಯಿಯ ಕೈಗಿಟ್ಟ.

"ಹೀರಾ ಸಾಲಿ ಕಲತಾಳ. ಓದಿ ಮಾಡ್ತಾಳ," ಅಂದ.

ಅಂಜನಾಬಾಯಿಗೆ ಓದು ಬರುತ್ತಿರಲಿಲ್ಲ. ಆದರೆ ಸಾಯಗಾಂವದ ತವರಿನಲ್ಲಿ ಅವಳು ಬೆಳೆದದ್ದೇ ಬೆಲ್ಲದ ಗಾಣದ ಪಕ್ಕ. ಕೊಪ್ಪರಿಗೆಯಲ್ಲಿ ಪಾಕ ಯಾವಾಗ ಹದಕ್ಕೆ ಬಂತು, ಯಾವಾಗ ಕೆಟ್ಟಿತು ಎಂದು ದೂರದಿಂದಲೇ ಮೂಗಿನಲ್ಲಿ ಹೇಳುತ್ತಿದ್ದಳು. ಈಗ ಅವಳ ಪಾಲಿಗೆ ಬಂದದ್ದು ಕೆಂಡ ಊದುವ ಕೆಲಸ.

ಹೀರಾ ಬೆಂದ ತೊಡೆಯ ಚರ್ಮ ಸುಲಿದು, ಕೊಬ್ಬಿನ ಮೇಲೆ ಚೌಕಚೌಕ ಗೀರಿ, ಲವಂಗ ಚುಚ್ಚಿ, ಬೆಲ್ಲ ಸಾಸಿವೆ ಸವರಿ ದೊಡ್ಡ ಪಾತ್ರೆಯಲ್ಲಿಟ್ಟಳು. ಮುಚ್ಚಳದ ಮೇಲೂ ಕೆಂಡ ಹರಡಿದಳು. ಚೀಟಿಯಲ್ಲಿ ಅರ್ಧ ತಾಸು ಎಂದಿತ್ತು. ಮನೆಯಲ್ಲಿ ಗಡಿಯಾರವಿರಲಿಲ್ಲ.

"ನಮ್ಮ ಯೇಸುನ ಗುಡಿ ಹಾಡು ಒಂದಕ್ಕ ಐದು ಮಿನಿಟ ಹಿಡೀತದ್ರಿ ಅಕ್ಕಾ. ಆರು ಹಾಡು ಹಾಡಿದ್ರ ಅರ್ಧ ತಾಸು," ಎಂದು ಕಣ್ಣು ಮುಚ್ಚಿ ಶುರುಮಾಡಿದಳು. ಧ್ವನಿಯೂ ಚೆನ್ನಾಗಿತ್ತು ಹಾಳಾದ್ದು.

ಚೀಟಿ ಬರೆದದ್ದು ಬಂಗ್ಲೆಯ ಕಬ್ಬಿಣದ ಒಲೆಗೆ. ಮನೆಯ ಜಾಲಿ ಕೆಂಡಕ್ಕೆ ಅದು ಹೇಗೆ ಗೊತ್ತಾಗಬೇಕು? ನಾಲ್ಕನೆಯ ಹಾಡಿನ ನಡುವೆ ಪಾಕ ಹದಕ್ಕೆ ಬಂದ ವಾಸನೆ ಅಂಜನಾಬಾಯಿಯ ಮೂಗಿಗೆ ಬಡಿಯಿತು. ಇಕ್ಕಳ ಅವಳ ಕೈಯಲ್ಲೇ ಇತ್ತು. ಎರಡು ಕೆಂಡ ಸರಿಸಿದ್ದರೆ ಸಾಕಿತ್ತು. ಚೀಟಿ ಓದಿದವಳಿಗೆ ಚೀಟಿಯೇ ಹೇಳಲಿ ಎಂದುಕೊಂಡಳು. ಐದನೆಯ ಹಾಡಿಗೆ ಸೀಯತೊಡಗಿತು. ಆರನೆಯದಕ್ಕೆ ಅವಳೂ ದನಿಗೂಡಿಸಿದಳು.

ಮುಚ್ಚಳ ತೆಗೆದಾಗ ತೊಡೆ ಕಲ್ಲಿದ್ದಲಿನಷ್ಟು ಕಪ್ಪಗಾಗಿತ್ತು.

ಎಲ್ಲರೂ ಊಟಕ್ಕೆ ಕೂತಿದ್ದರು. ಹೀರಾ ತೊಡೆಯಿಟ್ಟ ಅಗಲ ಪರಾತವನ್ನು ಮಾಣಿಕನ ಮುಂದಿಟ್ಟು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಈಗ ಬೈಗುಳ ಬೀಳುತ್ತದೆ ಎಂದು ಅಂಜನಾಬಾಯಿ ಸಂತೋಷದಿಂದಲೇ ಕಾದಳು. ಮಾಣಿಕ ಬೈಯಲಿಲ್ಲ, ನಕ್ಕ.

"ಅಳಬ್ಯಾಡವ್ವಾ. ನಂದೂ ವರ್ಷಾ ವರ್ಷಾ ಹಿಂಗೇ ಸೀಯ್ತಿತ್ತು. ನನಗ ವಾಸನಿ ತಿಳಿಯಲ್ಲ. ಕರ್ರಗಾಗಿದ್ದು ಕೆತ್ತಿ, ಮ್ಯಾಲ ಹೊಸ ಪಾಕ ಸುರದು ಮಿಸ್ಸಮ್ಮಗ ಕೊಡ್ತಿದ್ದೆ."

"ಹಂಗಂದ್ರ ಅಕ್ಕಾಗ ಯಾಕ ಹೇಳಿಕೊಡಲಿಲ್ರಿ ಭಾವಾ? ಬೆಲ್ಲದ ಹದ ಅಕ್ಕಾಗ ಗೊತ್ತದಲ್ರಿ."

ಮಾಣಿಕ ತಲೆ ತಗ್ಗಿಸಿ ಚೂರಿಯ ಅಂಚು ನೋಡಿದ. "ಅದಕ್ಕೇ ಹೇಳಿಲ್ಲ. ಆಕಿ ಮೊದಲನೇ ದಿನಾನೇ ನನಗಿಂತ ಛಲೋ ಮಾಡ್ತಿದ್ಳು. ಮಿಸ್ಸಮ್ಮ ಆಕಿನ್ನ ಒಲಿ ಮುಂದ ಕೂಡಿಸಿ ನನ್ನ ತೋಟದ ಕೆಲಸಕ್ಕ ಹಚ್ಚತಿದ್ಳು. ಹೊಟ್ಟಿಕಿಚ್ಚು, ಮತ್ತೇನು. ಇವತ್ತ ಹೇಳೀನಿ."

ಅಂಜನಾಬಾಯಿಯ ಎದೆ ತುಂಬಿ ಬಂತು. ಹತ್ತು ವರ್ಷ ಕಾದ ಮಾತು ಅದು. ಬಾಯಿ ತುಂಬ ನಗಬೇಕೆನ್ನುವಷ್ಟರಲ್ಲಿ ಹೀರಾ ಮೂಗು ಒರೆಸಿಕೊಳ್ಳುತ್ತ ಅಂದಳು, "ಅಕ್ಕಾ ನನ್ನ ಬಾಜೂಕೇ ಕುಂತಿದ್ರು. ಅವರಿಗೂ ತಿಳೀಲಿಲ್ಲ ನೋಡ್ರಿ. ನನ್ನ ಹಾಡಿನಾಗ ಇಬ್ಬರೂ ಮರತೇವಿ."

ಕೆತ್ತುತ್ತಿದ್ದ ಮಾಣಿಕನ ಕೈ ನಿಂತಿತು. ಅವನು ಹೆಂಡತಿಯ ಮುಖ ನೋಡಿದ. ಆಚೆ ಓಣಿಯಲ್ಲಿ ಬೆಲ್ಲ ಉಕ್ಕಿದರೂ ಇಲ್ಲಿಂದಲೇ ಹೇಳುವ ಮೂಗು ಅದು ಎಂದು ಆ ಮನೆಯಲ್ಲಿ ಅವನಷ್ಟು ಬಲ್ಲವರಿರಲಿಲ್ಲ. ಒಳಗಿನ ಕೆಂಪು ಮಾಂಸವನ್ನು ತೆಳ್ಳಗೆ ಕೊಯ್ದು ಮೊದಲು ತಾಯಿಗೆ ಬಡಿಸಿದ, ಆಮೇಲೆ ಹೀರಾಗೆ.

ಅಂಜನಾಬಾಯಿ ತಟ್ಟೆ ಮುಂದೆ ಚಾಚಲಿಲ್ಲ. ಪರಾತದ ಅಂಚಿಗೆ ಬಿದ್ದಿದ್ದ ಕರಿ ಚಕ್ಕೆಗಳನ್ನು ತಾನೇ ಆರಿಸಿ ಹಾಕಿಕೊಂಡು, ತಲೆ ಎತ್ತದೆ ಒಂದೊಂದಾಗಿ ತಿಂದಳು.