ಬೇಸ್‌ಬಾಲ್ ಕಾರ್ಡಿಗೆ ವಿಭೂತಿ

ಈಗ ನೆನೆಸಿಕೊಂಡರೆ ನಗು ಬರುತ್ತದೆ. ಆದರೆ ಆಯುಧಪೂಜೆಯ ಆ ಬೆಳಿಗ್ಗೆ ಬೇಸ್‌ಮೆಂಟಿನಿಂದ ನನ್ನ ಗಂಡ ಶಿವಪ್ರಸಾದ್ ಕೂಗಿದ ಕೂಗಿಗೆ ನನ್ನ ಕೈಯ ಸೌಟು ಒಬ್ಬಟ್ಟಿನ ಹೂರಣದೊಳಗೆ ಬಿದ್ದೇಹೋಯಿತು. ಹಾವೇ ಕಂಡಿರಬೇಕು ಅಂದುಕೊಂಡೆ. ಅಮೆರಿಕದ ಮನ್ರೋ ಊರಿನ ನಮ್ಮ ಹೊಸ ಮನೆಯೊಳಗೆ ಹಾವೆಲ್ಲಿಂದ ಬರಬೇಕು ಅಂತ ಮೆಟ್ಟಿಲಿಳಿಯುವಾಗ ಹೊಳೆಯಿತು.

ಮದುವೆಯಾದಾಗ ಇವರಿಗೆ ಇದ್ದದ್ದು ಕ್ರಿಕೆಟ್ ಹುಚ್ಚು ಒಂದೇ. ನ್ಯೂಜೆರ್ಸಿಗೆ ಬಂದು, ಪಕ್ಕದ ಮನೆಯ ಟೋನಿಯ ಸಹವಾಸವಾಗಿ, ಬೇಸ್‌ಬಾಲ್ ಕಾರ್ಡಿನ ಹುಚ್ಚೂ ಹತ್ತಿತು. ಅಂಗೈಯಗಲದ ರಟ್ಟು, ಮುಂದೆ ಒಬ್ಬ ಆಟಗಾರನ ಚಿತ್ರ, ಹಿಂದೆ ಅವನ ಆಟದ ಅಂಕಿಅಂಶ. ಇಷ್ಟೇ ಕಣ್ರೀ. ಅದಕ್ಕೊಂದು ಪ್ಲಾಸ್ಟಿಕ್ ಕವರು, ಕವರಿಗೊಂದು ಡಬ್ಬ, ಡಬ್ಬಕ್ಕೊಂದು ಕಪಾಟು, ಕಪಾಟಿಗೆ ತೇವ ತಾಗದಿರಲಿ ಅಂತ ಹಗಲೂರಾತ್ರಿ ಗುಂಯ್‌ಗುಡುವ ಒಂದು ಮೆಶೀನು! ನನಗೆ ಜ್ವರ ಬಂದಾಗಲೂ ಇಷ್ಟು ಉಪಚಾರ ನಡೆದಿಲ್ಲ.

ಟೋನಿಗೆ ಎಂಬತ್ತರ ಹತ್ತಿರ. ಅಪ್ಪ ಅಮ್ಮ ಇಟಲಿಯಿಂದ ಬಂದವರು. ನಮ್ಮ ಬಡಾವಣೆ ಏಳುವುದಕ್ಕೆ ಮೊದಲೇ ಇಲ್ಲಿ ಮನೆ ಕಟ್ಟಿಕೊಂಡಿದ್ದ ಮನುಷ್ಯ. ಹೃದಯದ ಆಪರೇಷನ್ನಿಗೆ ಹೋಗುವ ಮುನ್ನ ಒಂದು ತಗಡಿನ ಬಿಸ್ಕತ್ತಿನ ಡಬ್ಬಿ ತಂದು ಇವರ ಕೈಗಿಟ್ಟರು. “ನಾನು ಬರುವವರೆಗೆ ಇಟ್ಟುಕೋ. ಬರದಿದ್ದರೆ ನೀನೇ ಇಟ್ಟುಕೋ. ಮಗಳಿಗೆ ಇದರ ಗಂಧಗಾಳಿ ಇಲ್ಲ, ಹಳೇ ಸಾಮಾನಿನ ಜೊತೆ ಗರಾಜ್ ಸೇಲ್‌ಗೆ ಹಾಕಿಬಿಡುತ್ತಾಳೆ,” ಅಂದಿದ್ದರು. ಇವರು ಆ ಡಬ್ಬಿಯನ್ನು ಹಸುಗೂಸಿನ ಹಾಗೆ ಎತ್ತಿಕೊಂಡು ಒಳಗೆ ಬಂದರು.

ಅದರಲ್ಲಿ ತೆಳು ಕಾಗದದಲ್ಲಿ ಸುತ್ತಿದ ಒಂದು ಕಾರ್ಡು ಟೋನಿಯ ಅಣ್ಣ ವಿನ್ನಿಯದು. ವಿನ್ನಿ ದೊಡ್ಡ ಆಟಗಾರನೇನಲ್ಲ. ಒಂದೇ ಒಂದು ಬೇಸಿಗೆ ಊರಿನ ತಂಡದಲ್ಲಿ ಆಡಿದ್ದ. ಆ ಊರಿನ ಬೇಕರಿಯವನು ಅಭಿಮಾನಕ್ಕೆ ತಂಡದವರ ಕಾರ್ಡು ಅಚ್ಚು ಹಾಕಿಸಿ ಬ್ರೆಡ್ಡಿನ ಜೊತೆ ಕೊಟ್ಟಿದ್ದನಂತೆ. ಮರುವರ್ಷ ಚಳಿಗಾಲದಲ್ಲಿ ಹಿಮದ ಮೇಲೆ ಕಾರು ಜಾರಿ ವಿನ್ನಿ ತೀರಿಕೊಂಡ. ಮನೆಯಲ್ಲಿದ್ದ ಫೋಟೋಗಳೆಲ್ಲ ಒಂದು ಚಂಡಮಾರುತದಲ್ಲಿ ಬೇಸ್‌ಮೆಂಟಿಗೆ ನೀರು ನುಗ್ಗಿ ಹಾಳಾದವು. ಅಣ್ಣನ ಮುಖ ಅಂತ ಟೋನಿಗೆ ಉಳಿದಿದ್ದು ಅದೊಂದೇ ರಟ್ಟಿನ ತುಂಡು.

ನಾನು ಕೆಳಗೆ ಹೋಗಿ ನೋಡುತ್ತೇನೆ, ಇವರು ತಲೆ ಮೇಲೆ ಕೈ ಹೊತ್ತು ನಿಂತಿದ್ದಾರೆ. ಪಕ್ಕದಲ್ಲಿ ನಮ್ಮ ಅತ್ತೆ ಶಿವಲಿಂಗಮ್ಮನವರು ಪೂಜೆಯ ತಟ್ಟೆ ಹಿಡಿದುಕೊಂಡು ಪಿಳಿಪಿಳಿ ನೋಡುತ್ತಿದ್ದಾರೆ. ಗುಂಡ್ಲುಪೇಟೆಯಿಂದ ಮೂರು ತಿಂಗಳಿಗೆಂದು ಬಂದವರು ಅತ್ತೆ. ಬೆಳಿಗ್ಗೆಯಿಂದ ಕಾರು, ಮಿಕ್ಸಿ, ಹಿಮ ತಳ್ಳುವ ಮೆಶೀನು, ಮಗಳು ನಿಧಿಯ ಲ್ಯಾಪ್‌ಟಾಪು, ಒಂದನ್ನೂ ಬಿಡದೆ ವಿಭೂತಿ ಬಳಿದಿದ್ದರು. ಇವರ ಕಪಾಟಿಗೂ ಬಳಿಯೋಣವೆಂದು ಕೆಳಗಿಳಿದಿದ್ದಾರೆ. ಮೇಜಿನ ಮೇಲೆ ವಿನ್ನಿಯ ಕಾರ್ಡು ಬರಿಮೈಯಲ್ಲಿ ಇತ್ತು. ಹೊಸ ಕವರಿಗೆ ಹಾಕೋಣವೆಂದು ಇವರೇ ಹೊರಗೆ ತೆಗೆದಿದ್ದರು, ಅಷ್ಟರಲ್ಲಿ ನಾನು “ಪೂಜೆಗೆ ಬರ್ತೀರೋ ಇಲ್ವೋ?” ಅಂತ ಮೇಲಿನಿಂದ ಗದರಿದ್ದೆ.

ವಿನ್ನಿಯ ಹಣೆಯ ಮೇಲೆ ಮೂರು ಬೆಳ್ಳನೆಯ ಗೆರೆ. ಬೆರಳು ದೊಡ್ಡದು, ಹಣೆ ಚಿಕ್ಕದು. ಹಾಗಾಗಿ ಟೋಪಿಯ ಅಂಚಿಗೂ ಹುಬ್ಬಿಗೂ ಮೆತ್ತಿಕೊಂಡಿತ್ತು.

“ಏನಮ್ಮಾ ಮಾಡ್ಬಿಟ್ಟೆ!” ಅಂದರು ಇವರು.

“ಯಾಕ್ಲಾ ಹಿಂಗ್ ಬಡ್ಕೋತೀಯ? ಅದು ಟೋನಿ ಅಲ್ವಾ, ಹರೇದ ವಯಸ್ಸಿನಾಗೆ? ಅದೇ ಮೂಗು, ಅದೇ ಕಿವಿ. ಪಾಪ, ಎದೆ ಕುಯ್ಸ್ಕೊಂಡು ಆಸ್ಪತ್ರೇಲಿ ಮಲ್ಗವ್ರೆ. ಶಿವ ಕಾಪಾಡ್ಲಿ ಅಂತ ಹಚ್ದೆ.”

“ಅದು ಟೋನಿ ಅಲ್ಲಮ್ಮ, ಅವ್ರಣ್ಣ! ಸತ್ತು ಅರವತ್ತು ವರ್ಷ ಆಯ್ತು!”

ಅತ್ತೆಯ ಮುಖ ಸುಣ್ಣವಾಯಿತು. ತಟ್ಟೆಯನ್ನು ಅಲ್ಲೇ ಇಟ್ಟು ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

ನಾನು ಸೆರಗಿನ ತುದಿ ಒದ್ದೆ ಮಾಡಿ ಒರೆಸಲು ಹೋದೆ. ಇವರು ನನ್ನ ಕೈ ಹಿಡಿದು ಎಳೆದರು. ಹಳೆಯ ಕಾರ್ಡಿಗೆ ನೀರು ತಾಗಿಸುವುದು ಮಹಾಪಾಪವಂತೆ. ಅಗ್ಗದ ಅಚ್ಚು, ಒರೆಸಿದರೆ ವಿಭೂತಿಯ ಜೊತೆ ಬಣ್ಣವೂ ಎದ್ದು ಬಂದು ಮುಖವೇ ಮಾಯವಾಗುತ್ತದಂತೆ. ಮೇಲಿನಿಂದ ನಿಧಿ ಬಗ್ಗಿ ನೋಡಿ, “ಡ್ಯಾಡ್, ಜಸ್ಟ್ ಬ್ರೀದ್,” ಅಂದಳು. ಅವರಪ್ಪನಿಗೆ ಉಸಿರಾಡಲು ಎಲ್ಲಿ ಪುರುಸೊತ್ತು? ಮರುದಿನ ವಿಜಯದಶಮಿ, ಅವತ್ತೇ ಟೋನಿ ಆಸ್ಪತ್ರೆಯಿಂದ ಮನೆಗೆ ಬರುವುದಿತ್ತು.

ಆ ಹಬ್ಬದೂಟವನ್ನು ನಾವು ಹೇಗೆ ಉಂಡೆವೋ ಶಿವನಿಗೇ ಗೊತ್ತು. ಇವರು ಒಬ್ಬಟ್ಟು ಮುಟ್ಟಲಿಲ್ಲ. ಮನುಷ್ಯ ನಂಬಿ ಕೊಟ್ಟ ಒಂದೇ ಒಂದು ವಸ್ತು, ಇನ್ನೊಂದು ಬೇಕೆಂದರೆ ಹುಡುಕಿದರೂ ಸಿಗುವುದಿಲ್ಲ ಅಂತ ಅದನ್ನೇ ಹೇಳುತ್ತಿದ್ದರು. “ಡಬ್ಬಿ ಮುಚ್ಚಿ ಕೊಟ್ಬಿಡೋಣ ಕಣ್ರೀ, ಅವ್ರು ಈಗ್ಲೇ ತೆಗ್ದು ನೋಡ್ತಾರಾ? ಸ್ವಲ್ಪ ಚೇತರಿಸ್ಕೊಂಡ್ಮೇಲೆ ಹೇಳಿದ್ರಾಯ್ತು,” ಅಂದೆ. ಹೃದಯದ ರೋಗಿಗೆ ಏನಾದರೂ ಹೆಚ್ಚುಕಮ್ಮಿಯಾದರೆ ಅನ್ನುವ ಭಯ ನನಗೆ.

“ಮುಚ್ಚಿಡೋ ಮಾತೇ ಬ್ಯಾಡ,” ಅಂದರು ಅತ್ತೆ. “ಹಚ್ಚಿದ್ದು ನಾನು, ನಾನೇ ಬತ್ತೀನಿ. ಬೈದ್ರೆ ನನ್ನೇ ಬೈಲಿ.”

ಮರುದಿನ ಟೋನಿಯ ಮಗಳ ಕಾರು ಬಂದದ್ದು ಕಂಡು ಮೂವರೂ ಹೊರಟೆವು. ಟೋನಿ ಕಿಟಕಿಯ ಬಳಿ ಕುರ್ಚಿಯಲ್ಲಿ ದಿಂಬಿಗೊರಗಿ ಕುಳಿತಿದ್ದರು. ಇಳಿದುಹೋಗಿದ್ದರು ಪಾಪ. ನಮ್ಮನ್ನು ಕಂಡದ್ದೇ ಮೊದಲು ಡಬ್ಬಿಗೆ ಕೈ ಚಾಚಿದರು. ಇವರು ಡಬ್ಬಿ ಕೊಡದೆ, ಕಾರ್ಡೊಂದನ್ನೇ ತೆಗೆದು ಕೈಯಲ್ಲಿಟ್ಟು, ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಒದರಿಬಿಟ್ಟರು. ನ್ಯೂಯಾರ್ಕಿನಲ್ಲಿ ಕಾಗದ ಸರಿಪಡಿಸುವವರೊಬ್ಬರಿದ್ದಾರೆ, ಕರೆದುಕೊಂಡು ಹೋಗುತ್ತೇನೆ, ಕ್ಷಮಿಸಿ, ಕ್ಷಮಿಸಿ ಅಂತ ಮತ್ತೆ ಮತ್ತೆ ಅಂದರು.

ಟೋನಿ ಕನ್ನಡಕ ಹಾಕಿಕೊಂಡು ಕಾರ್ಡನ್ನು ಬೆಳಕಿಗೆ ಹಿಡಿದರು. ಮೂಗಿನ ಹತ್ತಿರ ತಂದು ಹುಬ್ಬು ಗಂಟಿಕ್ಕಿ ನೋಡಿದರು. ಮುಗಿಯಿತು ನಮ್ಮ ಕಥೆ ಅಂದುಕೊಂಡೆ.

“ಇದು ಬೂದಿಯಾ?” ಅಂದರು.

“ಹೌದು. ನಮಗೆ ಪವಿತ್ರ,” ಅಂದರು ಇವರು.

“ನಮಗೂ,” ಅಂದರು ಟೋನಿ. “ಈಸ್ಟರಿಗೆ ಮುಂಚೆ ಒಂದು ಬುಧವಾರ ಚರ್ಚಿನಲ್ಲಿ ಹಣೆಗೆ ಬೂದಿ ಹಚ್ಚುತ್ತಾರೆ. ಸಂಜೆವರೆಗೆ ಒರೆಸಬಾರದು ಅಂತ ಅಮ್ಮನ ಕಟ್ಟಪ್ಪಣೆ. ಈ ವಿನ್ನಿ ಅದರ ಮೇಲೇ ಕ್ಯಾಪು ಹಾಕಿಕೊಂಡು ಆಡಲು ಓಡುತ್ತಿದ್ದ. ಬೆವರಿಗೆ ಎಲ್ಲ ಅಳಿಸಿಹೋಗುತ್ತಿತ್ತು. ಅಮ್ಮ ಕೆಂಡಾಮಂಡಲ! ಒಂದು ವರ್ಷವಾದರೂ ಉಳಿಸಿಕೊಂಡು ಮನೆಗೆ ಬಂದವನಲ್ಲ.” ನಗು ಬಂದು, ಎದೆಯ ಹೊಲಿಗೆ ನೋಯದಂತೆ ದಿಂಬು ಅವುಚಿಕೊಂಡರು. ಕಣ್ಣಿನಲ್ಲಿ ನೀರಾಡುತ್ತಿತ್ತು. “ನೋಡು, ಈಗ ಉಳಿದಿದೆ. ಯಾವ ಕಾಗದದವನೂ ಇದನ್ನು ಮುಟ್ಟಕೂಡದು.”

ನನ್ನ ಗಂಡ ಹತ್ತಿರವಿದ್ದ ಸ್ಟೂಲಿನ ಮೇಲೆ ದೊಪ್ಪನೆ ಕುಳಿತು ಮುಖ ಮುಚ್ಚಿಕೊಂಡರು. ಅಬ್ಬಾ! ನನಗೂ ಹೋದ ಜೀವ ಬಂದ ಹಾಗಾಯಿತು. ಇಂಗ್ಲಿಷು ಅರ್ಥವಾಗದೆ ಅತ್ತೆ ನನ್ನ ಮೊಣಕೈ ತಿವಿಯುತ್ತಿದ್ದರು, “ಏನಂತೆ? ಬೈದ್ರಾ?”

“ಬೈಲಿಲ್ಲ ಅತ್ತೆ. ಅವ್ರಲ್ಲೂ ಹಚ್ತಾರಂತೆ.”

“ಆದ್ರೂ ನಾನ್ ಹಚ್ಚಿದ್ದು ಇವ್ರಿಗೆ ಅಂತ. ಅದ್ನೂ ಹೇಳೇ, ಸತ್ತೋರಿಗೆ ಅಂತ ಹಚ್ಲಿಲ್ಲ,” ಅಂದರು ಅತ್ತೆ. ನಾನು ಹೇಳಿದೆ.

ಟೋನಿ ಅತ್ತೆಯ ಕಡೆ ತಿರುಗಿದರು. ಆಮೇಲೆ ಕನ್ನಡಕ ತೆಗೆದು, ಹಣೆಯ ಮೇಲಿನ ನಾಲ್ಕು ಬಿಳಿ ಕೂದಲನ್ನು ಹಿಂದಕ್ಕೆ ಸರಿಸಿ, ತಲೆ ಬಗ್ಗಿಸಿದರು. “ಹಾಗಾದರೆ ನನ್ನ ಪಾಲಿನದು ನನಗೆ ಬಂದೇ ಇಲ್ಲವಲ್ಲ,” ಅಂದರು.

“ಕ್ರಿಸ್ತಾನ್ರಿಗೆ ಹಚ್ಬೌದೇನೇ?” ಅತ್ತೆ ಪಿಸುಗುಟ್ಟಿದರು.

“ಅವ್ರೇ ಕೇಳ್ತಿದಾರೆ, ಹಚ್ಚಿ ಅತ್ತೆ.”

ಎಲ್ಲಿ ಹೋದರೂ ಅತ್ತೆಯ ಕೈಚೀಲದಲ್ಲಿ ವಿಭೂತಿ ಗಟ್ಟಿ ಇರುತ್ತದೆ. ಟೋನಿಯ ಲೋಟದ ನೀರಿನಲ್ಲೇ ಬೆರಳದ್ದಿ, ಗಟ್ಟಿಯ ಮೇಲೆ ಉಜ್ಜಿ, ಆ ಸುಕ್ಕು ಹಣೆಯ ಈ ಕಡೆಯಿಂದ ಆ ಕಡೆಗೆ ನಿಧಾನವಾಗಿ ಎಳೆದರು. ತಣ್ಣಗಾಯಿತೇನೋ, ಟೋನಿ ಕಣ್ಣು ಮುಚ್ಚಿಕೊಂಡರು. ಬಾಗಿಲಲ್ಲಿ ಔಷಧಿ ಹಿಡಿದು ನಿಂತಿದ್ದ ಮಗಳು ಅಪ್ಪನ ಮುಖ ಕಂಡು ಬೆಪ್ಪಾದಳು.

ಟೋನಿ ಕಣ್ಣು ತೆರೆಯದೆಯೇ ಅವಳಿಗೆ ಹೇಳಿದರು, “ಸಂಜೆವರೆಗೆ ನನ್ನ ಮುಖ ತೊಳೆಸಬೇಡ.”