ಅಪ್ಪ ಹೊಗಳಿದ ಸಂಜೆ

ಸೈಕಲ್ಲಿನಿಂದ ಇಳಿದಾಗ ಅಕ್ಕನ ಕಾಲುಗಳು ಅವಳ ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ. ಬೆಳಕು ಹರಿಯುವಾಗ ಕೆರೆಯಲ್ಲಿ ಈಜಿ, ಆಮೇಲೆ ಬಿಸಿಲೆಲ್ಲ ಹೆದ್ದಾರಿಯಲ್ಲಿ ಸೈಕಲ್ ತುಳಿದು ಬಂದವಳಿಗೆ ಇನ್ನು ಉಳಿದಿದ್ದು ಓಟ ಮಾತ್ರ. ಮಾತ್ರ ಎನ್ನುವುದು ಬಾಯಿಮಾತಿಗೆ. ಅದೇ ಕೆರೆಯ ದಂಡೆಯ ಮೇಲೆ ನಾಲ್ಕು ಸುತ್ತು, ಒಂದೊಂದು ಸುತ್ತೂ ಮುಗಿಯದ ಜಾತಿಯದು.

ಅವಳು ನಗರದ ಬಸ್ಸು ಓಡಿಸುವವಳು. ಟ್ರಯಥ್ಲಾನ್ ಎಂಬ ಹೆಸರನ್ನು ಡಿಪೋದಲ್ಲಿ ಮೊದಲ ಸಲ ಹೇಳಿದಾಗ ಎಲ್ಲರೂ ನಕ್ಕಿದ್ದರು. "ಇಷ್ಟು ವರ್ಷ ಕೂತೇ ಸಂಬಳ ತಗೊಂಡೋಳು ಈಗ ಓಡ್ತಾಳಂತೆ" ಎಂದು ಛೇಡಿಸಿದ ಕಂಡಕ್ಟರೇ ಆಮೇಲೆ ಸದ್ದಿಲ್ಲದೆ ಡಿಪೋ ಮ್ಯಾನೇಜರರ ಕಾಲು ಹಿಡಿದು, ಅವಳಿಗೆ ಬೆಳಗಿನ ಪಾಳಿ ತಪ್ಪಿಸಿ ಅಭ್ಯಾಸಕ್ಕೆ ದಾರಿ ಮಾಡಿಕೊಟ್ಟಿದ್ದ.

ಇಷ್ಟೆಲ್ಲ ಯಾಕೆ ಎಂದು ಕೇಳಿದವರಿಗೆ ಆರೋಗ್ಯಕ್ಕೆ ಎನ್ನುತ್ತಿದ್ದಳು. ನಿಜವಾದ ಕಾರಣ ಅಪ್ಪ. ಅಪ್ಪ ಸಾರ್ವಜನಿಕ ಈಜುಕೊಳದಲ್ಲಿ ಈಜು ಮೇಷ್ಟ್ರಾಗಿದ್ದವರು. ಕೈಯಲ್ಲಿ ಉದ್ದನೆಯ ಕೋಲು ಹಿಡಿದು ದಡದ ಮೇಲೆ ನಡೆಯುತ್ತ, ಅರ್ಧ ಊರನ್ನೇ ನೀರಿನಲ್ಲಿ ತೇಲಿಸಿದವರು. ಆದರೆ ಅವರ ಬಾಯಿಂದ ಒಂದು ಒಳ್ಳೆಯ ಮಾತು ಕೇಳಿದ ಪ್ರಾಣಿ ಇರಲಿಲ್ಲ. ಅಮ್ಮ ಬದುಕಿದ್ದಾಗ ಅಡುಗೆ ಹೇಗಿದೆ ಎಂದು ಕೇಳಿದರೆ, "ತಟ್ಟೆ ಖಾಲಿ ಆಗಿದೆಯಲ್ಲ" ಎನ್ನುತ್ತಿದ್ದರು. ಮಗಳು ಡ್ರೈವರ್ ಆದ ವಾರ ಹೇಳದೆ ಕೇಳದೆ ಅವಳ ಬಸ್ಸು ಹತ್ತಿ, ಕೊನೆಯ ಸ್ಟಾಪಿನವರೆಗೂ ಕೂತು, ಇಳಿಯುವಾಗ "ಬ್ರೇಕು ಒರಟು" ಎಂದು ಹೇಳಿ ಹೋಗಿದ್ದರು.

ಈಗ ಅವರು ಆಸ್ಪತ್ರೆಯಲ್ಲಿದ್ದರು. ಶ್ವಾಸಕೋಶ ಸೋತುಹೋಗಿತ್ತು. ಉಳಿದಿರುವುದು ಹೆಚ್ಚು ದಿನವಲ್ಲ ಎಂದು ಡಾಕ್ಟರು ಮಕ್ಕಳಿಬ್ಬರನ್ನೂ ಕರೆದು ಹೇಳಿದ್ದರು. ಹಿಂದಿನ ಸಂಜೆ ಮಂಚದ ಪಕ್ಕ ನಿಂತು, "ನಾನು ಹೋಗಲ್ಲಪ್ಪ" ಎಂದಿದ್ದಳು ಅಕ್ಕ.

"ಇಲ್ಲಿ ಕೂತು ಏನ್ಮಾಡ್ತೀಯ? ನನ್ನ ಉಸಿರು ನೀನು ಎಳೀತೀಯಾ?" ಅಪ್ಪ ಮಾತುಮಾತಿಗೂ ನಿಂತು ಗಾಳಿ ಹುಡುಕುತ್ತಿದ್ದರು. "ಹೋಗು. ಓಡುವಾಗ ಭುಜ ಎತ್ತಬೇಡ. ಮೂಟೆ ಹೊತ್ತ ಹಮಾಲಿ ಥರ ಕಾಣ್ತೀಯ."

ಅದಕ್ಕೇ ಬಂದಿದ್ದಳು. ಓಟ ಮುಗಿಸಿ, ಬೆವರೂ ಒರೆಸದೆ ನೇರ ವಾರ್ಡಿಗೆ ಹೋಗಿ ಪದಕವನ್ನು ಹೊದಿಕೆಯ ಮೇಲಿಡಬೇಕು. ಆಗಲಾದರೂ ಅಪ್ಪನ ಬಾಯಿಂದ ಒಂದು ಮಾತು ಬಿದ್ದರೆ ಸಾಕು. ಅವಳಿಗೆ ಬೇಕಾಗಿದ್ದುದು ಅಷ್ಟೇ.

ಅಪ್ಪನ ಹತ್ತಿರ ಸೋದರತ್ತೆ ಕೂತಿದ್ದರು. ಅವಳ ತಮ್ಮ ಫೋನು ಹಿಡಿದು ಕೆರೆಯ ತಿರುವಿನಲ್ಲಿ ನಿಂತಿದ್ದ. ಅಕ್ಕ ಅಲ್ಲಿ ಹಾದುಹೋಗುವಾಗಲೆಲ್ಲ ಸುದ್ದಿ ಕೊಡಬೇಕೆಂದು ಮಾತಾಗಿತ್ತು. ಅವನದು ಕನ್ನಡಕದ ಅಂಗಡಿ. "ಈ ಫ್ರೇಮು ನಿಮ್ಮ ಮುಖಕ್ಕೆ ಒಪ್ಪಲ್ಲ" ಎಂದು ಗಿರಾಕಿಗೇ ಹೇಳಿ ವ್ಯಾಪಾರ ಕೆಡಿಸಿಕೊಳ್ಳುವ ಪೈಕಿ.

ಮೊದಲ ಸುತ್ತು ಮುಗಿಸಿ ಬಂದಾಗ ಅವನು ಬೇಲಿಯ ಮೇಲೆ ಬಾಗಿ ನಿಂತಿದ್ದ.

"ಏನಂತಾರೋ?"

"ಈಜಿನಲ್ಲಿ ನಿಂಗೆಷ್ಟು ಹೊತ್ತಾಯ್ತು ಅಂತ ಕೇಳಿದ್ರಂತೆ. ಅತ್ತೆ ಹೇಳಿದ್ದಕ್ಕೆ, ಕೆರೆಯಲ್ಲಿ ದಾರಿ ತಪ್ಪಿದ್ಲಾ ಅಂದ್ರಂತೆ."

ಅಕ್ಕನಿಗೆ ಓಡುತ್ತಲೇ ನಗು ಬಂತು. ನಕ್ಕರೆ ಪಕ್ಕೆ ಹಿಡಿಯುತ್ತಿತ್ತು, ಆದರೂ ನಕ್ಕಳು. ಬೈಯುತ್ತಿದ್ದಾರೆ ಎಂದರೆ ಪರವಾಗಿಲ್ಲ.

ಎರಡನೆಯ ಸುತ್ತಿನಲ್ಲಿ ಬಿಳಿ ಗಡ್ಡದವರೊಬ್ಬರು ಜೊತೆಯಾದರು. ಒಮ್ಮೆ ಅವರು ಮುಂದೆ, ಒಮ್ಮೆ ಇವಳು. "ನೀವು ಹಿಂದೆ ಬಿದ್ರೆ ನಂಗೆ ಧೈರ್ಯ ಬರುತ್ತಮ್ಮ, ದಯವಿಟ್ಟು ಬೀಳಿ" ಎಂದರು ಗಡ್ಡದವರು. ನೀರಿನ ಮೇಜಿನ ಹೆಂಗಸು ಲೋಟವನ್ನು ಅರ್ಧವೇ ತುಂಬಿ ಕೊಡುತ್ತಿದ್ದಳು, ಓಡುವವರ ಮೈಮೇಲೆ ಚೆಲ್ಲಬಾರದೆಂದು. ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ, ತಾನೇ ನೋಡಿ ಕಲಿತದ್ದಿರಬೇಕು.

ಆ ಸುತ್ತಿನ ಕೊನೆಗೆ ಬೇಲಿಯಿಂದ ದೂರ, ಮರದ ಕೆಳಗೆ ತಮ್ಮ ನಿಂತಿದ್ದ. ಕನ್ನಡಕ ಕೈಯಲ್ಲಿತ್ತು. "ಮಲಗಿದಾರೆ ಅಕ್ಕ" ಎಂದು ಅಲ್ಲಿಂದಲೇ ಕೂಗಿದ. ಒಳ್ಳೆಯದಾಯಿತು, ಸ್ವಲ್ಪ ನಿದ್ದೆ ಮಾಡಲಿ ಎಂದುಕೊಂಡಳು.

ಮೂರನೆಯದು ಬರೀ ನೋವು. ಹೆಬ್ಬೆರಳ ಉಗುರು ಬೂಟಿನೊಳಗೆ ಎದ್ದಿತ್ತು. ಮಂಡಿ ಇಲ್ಲಿಗೆ ಸಾಕು ಎನ್ನುತ್ತಿತ್ತು. ಇಳಿಬಿಸಿಲಿನಲ್ಲಿ ಅವಳ ನೆರಳು ಅವಳಿಗಿಂತ ಮುಂದೆ ಓಡುತ್ತಿತ್ತು, ಅದರ ಭುಜಗಳು ಕಿವಿಯವರೆಗೆ ಎದ್ದಿದ್ದವು. ಹಮಾಲಿಯೇ ಸರಿ. ಭುಜ ಇಳಿಸಿದಳು.

ತಿರುವಿನಲ್ಲಿ ತಮ್ಮ ಈ ಸಲ ಬೇಲಿಯ ಪಕ್ಕದಲ್ಲೇ ನಡೆಯುತ್ತ ಬಂದ. ಮುಖವನ್ನು ಕೆರೆಯ ಕಡೆ ತಿರುಗಿಸಿದ್ದ.

"ಎದ್ರೇನೋ?"

"ಹ್ಞೂಂ. ಎದ್ದಿದ್ರು." ಅವನು ಫೋನನ್ನು ಜೇಬಿಗೆ ಹಾಕಿಕೊಂಡ. "ನೀನು ತುಂಬಾ ಚೆನ್ನಾಗಿ ಮಾಡ್ತಿದೀಯ ಅಂದ್ರು. ನನ್ನ ಮಗಳು ಅಂತ ಹೆಮ್ಮೆ ಅಂದ್ರು."

"ಅಪ್ಪಾನಾ?"

"ಹ್ಞೂಂ ಅಕ್ಕ. ನೀ ಓಡು."

ಅವಳು ಓಡಿದಳು. ಅಂದು ಅವಳು ಅಷ್ಟು ಹಗುರವಾಗಿ ಓಡಿದ್ದು ಅದೇ ಮೊದಲು. ಉಗುರೂ ಇಲ್ಲ, ಮಂಡಿಯೂ ಇಲ್ಲ. ಹೆಮ್ಮೆ ಅಂದರಂತೆ. ನೀರಿನ ಮೇಜಿನ ಹೆಂಗಸಿಗೆ, ಕಸದ ಚೀಲ ಹಿಡಿದು ನಿಂತವನಿಗೆ, ದೋಣಿ ಕಟ್ಟುತ್ತಿದ್ದವರಿಗೆ, ಎಲ್ಲರಿಗೂ ಹೇಳಿಬಿಡೋಣ ಎನಿಸಿತು. ಆ ಮಾತನ್ನು ಅಪ್ಪನ ದನಿಯಲ್ಲಿ ಒಮ್ಮೆ ಕೇಳಿಸಿಕೊಳ್ಳಬೇಕೆಂದು ಮನಸ್ಸಿನಲ್ಲೇ ಅಂದು ನೋಡಿದಳು. ದನಿ ಕೂಡಲಿಲ್ಲ. ಮತ್ತೊಮ್ಮೆ ಅಂದುಕೊಂಡಳು. ಅಪ್ಪನ ಬಾಯಿ ಕೋಲಿನ ಹಾಗೆ ನೆಟ್ಟಗೆ, ಮುಚ್ಚಿಯೇ ಇತ್ತು.

ಅವಳ ಹೆಜ್ಜೆ ತಾನಾಗಿ ಸಣ್ಣದಾಯಿತು.

ಕನ್ನಡಕ ತೆಗೆದರೆ ಎದುರಿನ ಬಸ್ಸಿನ ನಂಬರೂ ಕಾಣದವನು ಅದನ್ನು ಕೈಯಲ್ಲಿ ಹಿಡಿದು ಯಾಕೆ ನಿಂತಿದ್ದ? ಮಾತಾಡುವಾಗ ಮುಖ ಯಾಕೆ ತಿರುಗಿಸಿದ? ಉಸಿರು ಇರುವ ತನಕ ಅಪ್ಪ ಹಾಗೆ ಅನ್ನುವವರಲ್ಲ. ಅವರು ಇನ್ನು ಏನೂ ಅನ್ನಲಾರರು ಎಂದಾದಾಗ ಮಾತ್ರ ಇನ್ನೊಬ್ಬರು ಅವರ ಪರವಾಗಿ ಅಂಥ ಮಾತು ಆಡಬಲ್ಲರು.

ದಾರಿಯ ನಡುವೆಯೇ ನಿಂತಳು. ಕೆರೆ ಮೊದಲಿನ ಹಾಗೆಯೇ ಇತ್ತು. ಹಿಂದಿನಿಂದ ಗಡ್ಡದವರು ಬಂದು ನಿಂತರು.

"ಕಾಲು ಹಿಡೀತೇನಮ್ಮ?"

"ಇಲ್ಲ." ಅವಳ ಬಾಯಿಂದ ಮಾತು ತಾನಾಗಿಯೇ ಬಂತು. "ನಮ್ಮಪ್ಪ ಹೋಗ್ಬಿಟ್ರು."

ಯಾವಾಗ, ಹೇಗೆ, ಓಡುತ್ತಿದ್ದವಳಿಗೆ ಯಾರು ಹೇಳಿದರು ಎಂದು ಅವರು ಕೇಳಲಿಲ್ಲ. ಅವಳು ನಡೆಯತೊಡಗಿದಾಗ ತಾವೂ ಪಕ್ಕದಲ್ಲಿ ನಡೆದರು. ಓಟ ಮುಗಿಸಬೇಕಾದ ಹೊತ್ತು ಅವರಿಗೂ ಮೀರುತ್ತಿತ್ತು. ಅವಳು ಓಟವನ್ನು ಬಿಟ್ಟುಬಿಡಬಹುದಿತ್ತು, ಅಲ್ಲೇ ಒಂದು ಕಲ್ಲಿನ ಮೇಲೆ ಕೂತರೆ ಯಾರಾದರೂ ಗಾಡಿ ತರುತ್ತಿದ್ದರು. ಇನ್ನು ಯಾರಿಗೆ ತೋರಿಸಲು ಆ ಪದಕ?

ಸ್ವಲ್ಪ ದೂರ ಹೋದ ಮೇಲೆ ಗಡ್ಡದವರು ಕೇಳಿದರು, "ಜೊತೆಗೆ ಯಾರು ಬಂದಿದಾರಮ್ಮ?"

"ತಮ್ಮ. ಆ ತಿರುವಿನಲ್ಲಿದಾನೆ."

"ಒಬ್ಬನೇನಾ?"

ಒಬ್ಬನೇ. ಎರಡನೆಯ ಸುತ್ತಿನಿಂದ ಆ ಸಾವನ್ನು ಹೊತ್ತುಕೊಂಡು, ಚಪ್ಪಾಳೆ ತಟ್ಟುವ ಜನರ ನಡುವೆ ಒಬ್ಬನೇ ನಿಂತಿದ್ದಾನೆ. ಅಳುವುದಕ್ಕೂ ಮರದ ಮರೆ ಹುಡುಕಿದ್ದಾನೆ. ಹುಟ್ಟಿದಾಗಿನಿಂದ ಸುಳ್ಳು ಹೇಳಲು ಬಾರದವನು ಅಕ್ಕನಿಗೋಸ್ಕರ ಒಂದನ್ನು ಕಟ್ಟಿಕೊಂಡು, ಅವಳು ಮುಗಿಸುವವರೆಗೂ ಅದನ್ನು ಹಲ್ಲು ಕಚ್ಚಿ ಹಿಡಿದುಕೊಂಡಿದ್ದಾನೆ. ಅವಳು ಎಷ್ಟು ಬೇಗ ಮುಗಿಸುತ್ತಾಳೋ ಅಷ್ಟು ಬೇಗ ಅವನು ಅದನ್ನು ಕೆಳಗಿಡಬಹುದು.

"ನಾನು ಹೋಗ್ತೀನಿ" ಎಂದಳು.

"ಹೋಗಿ, ಹೋಗಿ" ಎಂದರು ಅವರು.

ಅಕ್ಕ ಓಡಿದಳು. ಅಳುತ್ತ ಓಡಿದರೆ ಉಸಿರು ಸಾಲದು ಎಂದು ಗೊತ್ತಾಗಿ, ಅಳುವನ್ನು ನುಂಗಿಕೊಂಡು ಓಡಿದಳು. ಮಂಡಿ ಮತ್ತೆ ಚೀರಿತು. ಕೆರೆಯ ಆಚೆ ದಂಡೆಯಲ್ಲಿ ದೀಪಗಳು ಹತ್ತಿಕೊಂಡವು. ಮೈಕಿನಲ್ಲಿ ಯಾರೋ ಅವಳ ನಂಬರು ಕೂಗಿದರು, ಒಬ್ಬಳು ಹುಡುಗಿ ಕೊರಳಿಗೆ ಪದಕ ಹಾಕಿದಳು. ಅವಳ ಕಣ್ಣು ಬೇಲಿಯುದ್ದಕ್ಕೂ ತಮ್ಮನನ್ನೇ ಹುಡುಕುತ್ತಿತ್ತು.

ಅವನು ಹೇಗೋ ಒಂದು ನಗುವನ್ನು ಮುಖಕ್ಕೆ ಅಂಟಿಸಿಕೊಂಡು ಬಂದ. "ಅಕ್ಕಾ, ಅಪ್ಪ..."

"ಗೊತ್ತು ಕಣೋ."

ನಗು ಕಳಚಿಬಿತ್ತು. ಅವನು ಅವಳ ಒದ್ದೆ ಭುಜಕ್ಕೆ ಮುಖವಿಟ್ಟು, ಚಿಕ್ಕಂದಿನ ಹಾಗೆ ಬಿಕ್ಕಿಬಿಕ್ಕಿ ಅತ್ತ. "ಯಾರು ಹೇಳಿದ್ರು?" ಎಂದ ಕೊನೆಗೆ.

"ನೀನೇ. ಹೊಗಳಿದರು ಅಂದೆಯಲ್ಲ."

ಅವನು ತಲೆ ಎತ್ತಿದ. "ಥೂ," ಎಂದ. "ಗಾಬರೀಲಿ ಅಷ್ಟೂ ಹೊಳೀಲಿಲ್ಲ. ಏನಾದ್ರೂ ಬೈದರು ಅನ್ನಬೇಕಿತ್ತು."

"ಕಷ್ಟಪಟ್ರಾ?"

"ಇಲ್ವಂತೆ. ಅತ್ತೆ ಹತ್ರ ಕಿಟಕಿ ತೆಗಿ ಅಂದ್ರಂತೆ. ತೆಗೆದು ತಿರುಗೋಷ್ಟರಲ್ಲಿ ಆಗಿಹೋಗಿತ್ತಂತೆ."

ಪದಕ ಹಾಕಿದ ಹುಡುಗಿ ಎರಡು ಕುರ್ಚಿ ತಂದಿಟ್ಟು ಹೋದಳು. ಅಕ್ಕ ಕೂತಳು. ಆಸ್ಪತ್ರೆಗೆ ಹೋಗಬೇಕು, ಆದರೆ ಊದಿದ ಕಾಲಿನಿಂದ ಬೂಟು ಬರುತ್ತಿಲ್ಲ. ಅವಳಿಗೆ ಬಾಗಲೂ ಆಗುತ್ತಿಲ್ಲ. ತಮ್ಮ ನೆಲದ ಮೇಲೆ ಕೂತು ಅವಳ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡ. ದಾರ ನೆಂದು ಗಂಟು ಕಗ್ಗಂಟಾಗಿತ್ತು. ಅವನು ಜೇಬಿನಿಂದ ಕನ್ನಡಕದ ತಿರುಪು ಬಿಗಿಯುವ ಪುಟ್ಟ ಸ್ಕ್ರೂಡ್ರೈವರ್ ತೆಗೆದು, ಅದರ ತುದಿಯನ್ನು ಗಂಟಿನೊಳಗೆ ತೂರಿಸಿ, ಮೂಗು ಸೊರಸೊರ ಎಳೆದುಕೊಳ್ಳುತ್ತ, ಎಳೆ ಎಳೆಯಾಗಿ ಬಿಡಿಸತೊಡಗಿದ.

"ನೋವಾದ್ರೆ ಹೇಳು" ಎಂದ.

ನೋವಾಗುತ್ತಿತ್ತು. ಅವಳು ಅವನ ತಲೆಯ ಮೇಲೆ ಕೈಯಿಟ್ಟಳು.